ಮೇಷ್ಟ್ರು ಫೇಮಸ್ ಆದರು, ಮಕ್ಕಳು ಕಲಿತರೇ? ಪರೀಕ್ಷಿಸಿ ಸರಿಪಡಿಸುವ ಬಗೆ

ಒಂದು ಗಡಿಯಾರ, ಒಂದು ಕಟ್ಟು ಖಾಲಿ ಹಾಳೆ, ತರಗತಿಯ ಹಾಜರಿ ಪುಸ್ತಕ. ಮೇಷ್ಟ್ರ ವಿಡಿಯೊಗಳಿಂದ ಮಕ್ಕಳ ಕಲಿಕೆಗೆ ಒಳ್ಳೆಯದಾಗಿದೆಯೋ ಪೆಟ್ಟು ಬಿದ್ದಿದೆಯೋ ಎಂದು ತಿಳಿಯಲು ಇಷ್ಟು ಸಾಕು. ವ್ಯೂಸ್ ಎಷ್ಟು, ಸಬ್‌ಸ್ಕ್ರೈಬರ್ ಎಷ್ಟು ಎಂಬ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹತ್ತು ಲಕ್ಷ ಜನ ನೋಡಿದ ಪಾಠ ಮೂರನೇ ಬೆಂಚಿನ ಹುಡುಗಿಗೆ ತಲುಪದೇ ಹೋಗಿರಬಹುದು.

ಮಂಡ್ಯ, ಮೈಸೂರು ಕಡೆಯ ಹೈಸ್ಕೂಲುಗಳಲ್ಲಿ ಚಾನೆಲ್ ನಡೆಸುವ ಶಿಕ್ಷಕರಿಗೆ, ಅವರ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೂರುವ ತಂದೆತಾಯಿಯರಿಗೆ ಇದು. ವಿಡಿಯೊ ಮಾಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಕ್ಯಾಮೆರಾ ತರಗತಿಯೊಳಗೆ ಕಾಲಿಟ್ಟ ಗಳಿಗೆಯಿಂದ ಪಾಠ ಯಾರಿಗಾಗಿ ನಡೆಯುತ್ತಿದೆ ಎಂಬುದು ಮೆಲ್ಲಗೆ ಬದಲಾಗುತ್ತದೆ, ಅದನ್ನು ಹೊತ್ತಿಗೆ ಮುಂಚೆ ಹಿಡಿಯಬೇಕು.

ಮೊದಲು ನಿಮಿಷ ಎಣಿಸಿ

ಪೀರಿಯಡ್ 40 ನಿಮಿಷ ಎಂದುಕೊಳ್ಳಿ. ಟ್ರೈಪಾಡ್ ನಿಲ್ಲಿಸಿ, ಬೆಳಕು ನೋಡಿ ಬೆಂಚು ಸರಿಸಿ, ಕಾಲರಿಗೆ ಮೈಕ್ ಸಿಕ್ಕಿಸುವಷ್ಟರಲ್ಲಿ 5 ನಿಮಿಷ. ಮೊದಲ ಟೇಕಿನಲ್ಲಿ ಯಾರೋ ಕೆಮ್ಮಿದರು, ಎರಡನೆಯದರಲ್ಲಿ ಫ್ಯಾನಿನ ಸದ್ದು ಬಂತು, ಮೂರನೆಯದು ಸರಿಹೋಯಿತು ಅಂದರೆ 8 ನಿಮಿಷ. ಎಲ್ಲರೂ ಒಟ್ಟಿಗೆ ಕೈ ಎತ್ತುವ ದೃಶ್ಯಕ್ಕೆ ಇನ್ನೆರಡು. ಒಟ್ಟು 15 ಹೋಯಿತು. ವಾರಕ್ಕೆ ಎರಡು ಸಲ ಹೀಗಾದರೆ ನಾಲ್ಕು ವಾರಕ್ಕೆ 120 ನಿಮಿಷ, ಅಂದರೆ ಮೂರು ಪೂರ್ತಿ ಪೀರಿಯಡ್. ತ್ರಿಕೋನಮಿತಿಯ ಒಂದು ಅಭ್ಯಾಸವನ್ನು ಬೋರ್ಡಿನ ಮೇಲೆ ಮಕ್ಕಳ ಕೈಯಿಂದಲೇ ಮಾಡಿಸುವಷ್ಟು ಹೊತ್ತು ಅದು.

ಈ ಲೆಕ್ಕವನ್ನು ಶಿಕ್ಷಕರೇ ಇಡಬೇಕು. ಎರಡು ವಾರ, ಪಾಠ ಟಿಪ್ಪಣಿಯ ಅಂಚಿನಲ್ಲಿ ದಿನದಿನದ ನಿಮಿಷ ಗುರುತು ಹಾಕಿಕೊಳ್ಳಿ. ಚಿತ್ರೀಕರಣದ ಜತೆಗೆ ಕಾಮೆಂಟ್ ನೋಡಲು ಮೊಬೈಲ್ ತೆಗೆದದ್ದನ್ನೂ ಸೇರಿಸಿ. ಕ್ಲಾಸ್ ಲೀಡರ್‌ಗೆ ಹೇಳಿ ಬರೆಸಬೇಡಿ. ಮಕ್ಕಳನ್ನು ಮೇಷ್ಟ್ರ ಮೇಲೆ ಕಾವಲಿಗೆ ಹಾಕಿದ ಹಾಗಾಗುತ್ತದೆ. ಎರಡು ವಾರದ ಮೊತ್ತ 20 ನಿಮಿಷ ದಾಟಿದ್ದರೆ ಶಾಲಾ ವೇಳೆಯಲ್ಲಿ ಶೂಟಿಂಗ್ ನಿಲ್ಲಿಸಿ. ಶನಿವಾರ ಮಧ್ಯಾಹ್ನ ಖಾಲಿ ಕೊಠಡಿಯಲ್ಲಿ, ಬೋರ್ಡಿನ ಮುಂದೆ ಒಬ್ಬರೇ ನಿಂತು ಮಾಡಿದರೆ ಸದ್ದೂ ಕಡಿಮೆ, ಯಾವ ಮಗುವಿನ ಪೀರಿಯಡ್ಡೂ ಹಾಳಾಗುವುದಿಲ್ಲ.

ಖಾಲಿ ಹಾಳೆಯ ಪರೀಕ್ಷೆ

ಇದು ಮುಖ್ಯವಾದದ್ದು, ಸ್ವಲ್ಪ ನಿಧಾನವಾಗಿ ನೋಡೋಣ.

ಗಣಿತದ ರೀಲ್ಸ್‌ನಲ್ಲಿ ಚೆನ್ನಾಗಿ ಓಡುವ ಒಂದು ಟ್ರಿಕ್ ಇದೆ. 5ರಲ್ಲಿ ಮುಗಿಯುವ ಸಂಖ್ಯೆಯ ವರ್ಗ ಬೇಕೇ? 35 ತಗೊಳ್ಳಿ. 3ನ್ನು ಅದರ ಮುಂದಿನ 4ರಿಂದ ಗುಣಿಸಿ, 12. ಪಕ್ಕದಲ್ಲಿ 25 ಬರೆಯಿರಿ. 1225. ಮೂವತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ, ಮಕ್ಕಳಿಗೂ ನಿಜವಾಗಿಯೇ ಖುಷಿಯಾಗುತ್ತದೆ. ಮಾರನೆಯ ದಿನ ಖಾಲಿ ಹಾಳೆ ಕೊಟ್ಟು ಐದು ಪ್ರಶ್ನೆ ಕೇಳಿ. 65ರ ವರ್ಗ ಎಷ್ಟು? 36ರ ವರ್ಗ ಎಷ್ಟು? ಟ್ರಿಕ್‌ನಲ್ಲಿ ಕೊನೆಗೆ 25 ಯಾಕೆ ಬರುತ್ತದೆ? 10ಎ + 5 ಇದರ ವರ್ಗವನ್ನು ಬಿಡಿಸಿ. 45 ಮೀಟರ್ ಉದ್ದ, 45 ಮೀಟರ್ ಅಗಲದ ಗದ್ದೆ ಎಷ್ಟು ಗುಂಟೆ? (ಒಂದು ಗುಂಟೆ ಸುಮಾರು 101 ಚದರ ಮೀಟರ್.)

ಮೊದಲನೆಯದಕ್ಕೆ 4225 ಎಂದು ಬಹಳ ಮಂದಿ ಬರೆಯುತ್ತಾರೆ. ಎರಡನೆಯದರಲ್ಲಿ ಗುಟ್ಟು ಹೊರಬೀಳುತ್ತದೆ: 3 ನಾಲ್ಕಲಿ 12, ಪಕ್ಕದಲ್ಲಿ 36, ಅಲ್ಲಿಗೆ 1236 ಎಂದು ಬರೆದ ಹಾಳೆಗಳು ಸಿಗುತ್ತವೆ. ಸರಿ ಉತ್ತರ 1296. ಆ ಮಗು ಟ್ರಿಕ್ಕಿನ ಹೊರಮೈ ಮಾತ್ರ ಹಿಡಿದಿದೆ, ಒಳಗೆ ಏನು ನಡೆಯುತ್ತಿದೆ ಎಂದು ಯಾರೂ ಅದಕ್ಕೆ ತೋರಿಸಿಲ್ಲ. ತೋರಿಸಲು ಬೋರ್ಡಿನ ಮೇಲೆ ಮೂರೇ ಸಾಲು ಬೇಕು. ಹತ್ತರ ಸ್ಥಾನದ ಅಂಕಿ ಎ ಆದರೆ ಸಂಖ್ಯೆ 10ಎ + 5. ವರ್ಗ ಮಾಡಿದರೆ 100ಎ² + 100ಎ + 25. ಮೊದಲೆರಡು ಪದಗಳಿಂದ 100ಎ ಹೊರಗೆ ತೆಗೆದರೆ 100ಎ(ಎ + 1) + 25. ಆ "ಮುಂದಿನ ಸಂಖ್ಯೆಯಿಂದ ಗುಣಿಸಿ" ಎಂಬ ಮಾತು ಹುಟ್ಟಿದ್ದು ಇಲ್ಲಿ. 36ಕ್ಕೆ ಯಾಕೆ ನಡೆಯುವುದಿಲ್ಲ ಎಂದು ಆಮೇಲೆ ಮಕ್ಕಳೇ ಹೇಳುತ್ತಾರೆ. ಐದನೇ ಪ್ರಶ್ನೆಗೆ 2025 ಚದರ ಮೀಟರ್, ಸುಮಾರು 20 ಗುಂಟೆ, ಅಂದರೆ ಅರ್ಧ ಎಕರೆ ಎಂದು ಬಂದಾಗ ರೈತರ ಮನೆಯ ಮಗುವಿನ ಕಣ್ಣಲ್ಲಿ ಬರುವ ಬೆಳಕು ಯಾವ ಟ್ರಿಕ್ಕಿನಿಂದಲೂ ಬರದು.

ಇದೇ ಬಗೆಯ ಪ್ರಶ್ನೆಗಳನ್ನು ಅಂಕಿ ಬದಲಿಸಿ ಏಳು ದಿನ ಬಿಟ್ಟು ಮತ್ತೆ ಕೊಡಿ. ಕ್ಯಾಮೆರಾ ಇಲ್ಲದೆ ಮಾಡಿದ ಇನ್ನೊಂದು ಪಾಠಕ್ಕೂ ಇದೇ ರೀತಿ ಎರಡು ಸಲ ಮಾಡಿ ಹೋಲಿಸಿ. 40 ಮಕ್ಕಳಲ್ಲಿ 25 ಮಂದಿಗಾದರೂ ಐದಕ್ಕೆ ಮೂರು ಸರಿ ಬರದಿದ್ದರೆ ಪಾಠ ಮತ್ತೊಮ್ಮೆ ಆಗಬೇಕು. ಅಂಕ ಹಾಕಬೇಡಿ, ಹೆಸರು ಕೂಗಬೇಡಿ. ಇಲ್ಲಿ ಪರೀಕ್ಷೆಗೆ ಕೂತಿರುವುದು ಪಾಠ.

ಏಳು ದಿನದ ಅಂತರಕ್ಕೆ ಕಾರಣವಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಮತ್ತೆಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ನೆನಪಿನಿಂದ ಬರೆದು ನೋಡಿಕೊಂಡವರು ವಾರದ ನಂತರ ಮುಂದಿದ್ದರು. 2013ರ ಇನ್ನೊಂದು ಪ್ರಯೋಗದಲ್ಲಿ ಒಂದೇ ವಿಷಯವನ್ನು ಎರಡು ವಿಡಿಯೊ ಮಾಡಿ ತೋರಿಸಿದರು. ಒಂದರಲ್ಲಿ ನೋಡುಗರತ್ತ ಕಣ್ಣಿಟ್ಟು ಸಲೀಸಾಗಿ ಮಾತಾಡುವ ಶಿಕ್ಷಕಿ, ಇನ್ನೊಂದರಲ್ಲಿ ಚೀಟಿ ನೋಡಿಕೊಂಡು ತಡವರಿಸುವ ಅದೇ ಶಿಕ್ಷಕಿ. ಸಲೀಸಾದದ್ದನ್ನು ನೋಡಿದವರು ತಮಗೆ ಹೆಚ್ಚು ನೆನಪಿರುತ್ತದೆ ಎಂದುಕೊಂಡರು. ಪರೀಕ್ಷೆಯಲ್ಲಿ ಎರಡೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಫಲಿತಾಂಶ. "ಆ ಮೇಷ್ಟ್ರು ಹೇಳಿದ್ರೆ ಥಟ್ಟಂತ ಅರ್ಥ ಆಗುತ್ತೆ" ಎಂದು ಮಕ್ಕಳು ಹೇಳಿದಾಗ ಅದನ್ನು ಸುಳ್ಳೆನ್ನಬೇಡಿ, ಹಾಗೆಯೇ ಒಪ್ಪಿಕೊಳ್ಳಲೂ ಬೇಡಿ. ಹಾಳೆ ಕೊಡಿ.

ತಪ್ಪು ಉತ್ತರಕ್ಕೆ ಜಾಗ ಉಳಿಸಿ

ಕ್ಯಾಮೆರಾ ಮೊದಲು ಕಿತ್ತುಕೊಳ್ಳುವುದು ತಪ್ಪು ಉತ್ತರವನ್ನು. ರೆಕಾರ್ಡ್ ಆಗುತ್ತಿದೆ ಎಂದು ಗೊತ್ತಿದ್ದರೆ ಶಿಕ್ಷಕರ ಕಣ್ಣು ತಾನಾಗಿಯೇ ಜಾಣ ಮಗುವಿನ ಕಡೆ ಹೋಗುತ್ತದೆ, ಗೊತ್ತಿಲ್ಲದ ಮಗು ಬಾಯಿ ಬಿಡುವುದಿಲ್ಲ. ಆದರೆ ಪಾಠ ನಡೆಯಬೇಕಾದ ಜಾಗವೇ ಅದು.

ಮಳೆಗಾಲದಲ್ಲಿ ಮಂಡ್ಯದ ಮನೆಮನೆಯಲ್ಲಿ ಕೆ.ಆರ್.ಎಸ್. ಮಟ್ಟದ ಮಾತು. ಗರಿಷ್ಠ 124.80 ಅಡಿ. ಇಂದು 100 ಅಡಿ ಇದ್ದರೆ ಅಣೆಕಟ್ಟೆ ಎಷ್ಟು ತುಂಬಿದೆ ಎಂದು ಕೇಳಿದರೆ "ಶೇ 80 ಸಾರ್" ಎನ್ನುತ್ತಾರೆ. ಭಾಗಾಕಾರ ಸರಿ, ಉತ್ತರ ತಪ್ಪು. ಜಲಾಶಯ ಬಾಣಲೆಯ ಹಾಗೆ, ತಳದಲ್ಲಿ ಕಿರಿದು, ಮೇಲೆ ಅಗಲ. 100 ಅಡಿಯಲ್ಲಿ ಇರುವ ನೀರು ಪೂರ್ಣ ಸಂಗ್ರಹವಾದ 49.45 ಟಿಎಂಸಿಯ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಅರ್ಧಕ್ಕಿಂತ ಕಡಿಮೆ. "ಶೇ 80" ಎಂದ ಮಗುವನ್ನು ತಡೆಯದೆ, ಒಂದು ಬಿಂದಿಗೆ ಮತ್ತು ಒಂದು ಬಾಣಲೆ ತರಿಸಿ, ಲೋಟದಿಂದ ಅಳೆದು ನೀರು ಸುರಿಸಿ ಪ್ರತಿ ಲೋಟಕ್ಕೂ ಮಟ್ಟ ಎಷ್ಟು ಏರಿತೆಂದು ಸ್ಕೇಲಿನಿಂದ ನೋಡಿಸಿ. ಇದಕ್ಕೆ 20 ನಿಮಿಷ ಬೇಕು, ನಡುವೆ ಗಲಾಟೆ ಆಗುತ್ತದೆ, ನೆಲ ಒದ್ದೆಯಾಗುತ್ತದೆ. ಯಾವ ರೀಲಿಗೂ ಹೊಂದದ 20 ನಿಮಿಷ ಅದು. ಅದನ್ನು ಬಿಟ್ಟುಕೊಡಬೇಡಿ.

ಒಂದು ಸಣ್ಣ ಅಭ್ಯಾಸ ಇಟ್ಟುಕೊಳ್ಳಿ: ನೀವು ಪ್ರಶ್ನೆ ಕೇಳಿದ ಮಗುವಿನ ಹೆಸರಿನ ಮುಂದೆ ಒಂದು ಚುಕ್ಕೆ ಹಾಕಿ. ಹಾಜರಿ ಪುಸ್ತಕದ ಹೆಸರುಗಳನ್ನು ಬೇರೆ ಹಾಳೆಗೆ ಇಳಿಸಿಕೊಂಡರೆ ಸಾಕು. ಹತ್ತು ದಿನದಲ್ಲಿ ಚುಕ್ಕೆಯೇ ಇಲ್ಲದ ಹೆಸರು ಯಾವುವೆಂದು ನೋಡಿ, ಮರುದಿನ ಅವರಿಂದ ಶುರುಮಾಡಿ.

ವಿಡಿಯೊವನ್ನು ಮಕ್ಕಳಿಗಾಗಿ ದುಡಿಸಿ

ವಿಡಿಯೊ ನಿಜವಾಗಿ ಕೈಹಿಡಿಯುವುದು ಗೈರಾದ ಮಗುವಿಗೆ ಮತ್ತು ಪುನರಾವರ್ತನೆಗೆ. ಒಂದು ವಿಡಿಯೊಗೆ ಒಂದೇ ಲೆಕ್ಕ, 6ರಿಂದ 8 ನಿಮಿಷ. ನಡುವೆ ಎರಡು ಕಡೆ "ಇಲ್ಲಿ ನಿಲ್ಲಿಸಿ, ಮುಂದಿನ ಹೆಜ್ಜೆ ನೀವೇ ಬರೆಯಿರಿ" ಎಂದು ಹೇಳಿ. ಶುರುವಿನಲ್ಲೇ ಪಠ್ಯಪುಸ್ತಕದ ಅಧ್ಯಾಯ, ಅಭ್ಯಾಸದ ಸಂಖ್ಯೆ, ಪುಟ ಹೇಳಿ. ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಗದ್ದೆಗೆ ಹೋಗಿರುತ್ತದೆ, ಆದ್ದರಿಂದ ವಿಡಿಯೊ ನೋಡುವುದನ್ನು ಕಡ್ಡಾಯ ಹೋಂವರ್ಕ್ ಮಾಡಬೇಡಿ. ತರಗತಿಯಲ್ಲಿ ಹೇಳದೆ ಉಳಿಸಿ "ಉಳಿದದ್ದು ನನ್ನ ಚಾನೆಲ್‌ನಲ್ಲಿದೆ" ಎನ್ನುವುದಂತೂ ಕೂಡದು.

ಹೊರಗಿನ ಖ್ಯಾತ ಶಿಕ್ಷಕರ ವಿಡಿಯೊ ನೋಡುವ ಮಕ್ಕಳಿಗೆ ಎರಡು ಮಾತು ಹೇಳಿಕೊಡಿ. ಆ ಪಾಠ ನಮ್ಮ ಈ ವರ್ಷದ ಪುಸ್ತಕಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಬೇಕು. ಎಸ್‌ಎಸ್‌ಎಲ್‌ಸಿ ಗಣಿತದ 80 ಅಂಕದ ಪತ್ರಿಕೆಯಲ್ಲಿ ಹೆಜ್ಜೆಗೂ ಅಂಕವಿದೆ, ಶಾರ್ಟ್‌ಕಟ್‌ನಿಂದ ಉತ್ತರ ಮಾತ್ರ ಬರೆದರೆ ಹೆಜ್ಜೆಯ ಅಂಕ ಹೋಗುತ್ತದೆ. ಮಾರ್ಚ್ ಹತ್ತಿರವಾದಾಗ ಬರುವ "ಈ ಹತ್ತು ಪ್ರಶ್ನೆ ಗ್ಯಾರಂಟಿ" ವಿಡಿಯೊ ನಂಬಿ ಅಧ್ಯಾಯಗಳನ್ನೇ ಕೈಬಿಡುವವರಿದ್ದಾರೆ. ಫೆಬ್ರವರಿಯಲ್ಲೇ ಇದನ್ನು ಬಿಡಿಸಿ ಹೇಳಿ.

ಮಕ್ಕಳ ಮುಖ, ಹೆಸರು, ಕಣ್ಣೀರು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಒಪ್ಪಿಗೆ ಕೊಡಬೇಕಾದವರು ತಂದೆತಾಯಿ ಅಥವಾ ಪೋಷಕರು. ಅಡ್ಮಿಶನ್ ದಿನ ಹತ್ತು ಕಾಗದದ ನಡುವೆ ಹಾಕಿಸಿಕೊಂಡ ಸಹಿಯನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಬೇರೆಯೇ ಒಂದು ಪುಟ ಮಾಡಿ, ಕನ್ನಡದಲ್ಲಿ: ಯಾವ ಚಾನೆಲ್, ಏನು ತೋರಿಸುತ್ತೇವೆ, ಅದರಿಂದ ಹಣ ಬರುತ್ತದೆಯೇ, ಎಷ್ಟು ದಿನ ಇರುತ್ತದೆ, ಬೇಡವೆನಿಸಿದರೆ ಯಾರಿಗೆ ಹೇಳಬೇಕು. ಓದಲು ಬಾರದವರಿಗೆ ಓದಿ ಹೇಳಿ. ಮಗುವನ್ನೂ ಬೇರೆಯಾಗಿ ಕೇಳಿ. ಒಲ್ಲೆ ಎಂದ ಮಗುವನ್ನು ಶೂಟಿಂಗ್ ಹೊತ್ತಿನಲ್ಲಿ ಹೊರಗೆ ನಿಲ್ಲಿಸಿದರೆ ಅದು ಶಿಕ್ಷೆಯೇ ಆಗುತ್ತದೆ.

ಒಪ್ಪಿಗೆ ಇದ್ದರೂ ಕೆಲವನ್ನು ಹಾಕಲೇಬಾರದು. ಅಂಕಪಟ್ಟಿ, ಬೈಸಿಕೊಳ್ಳುವ ಮಗು, ತಪ್ಪು ಓದಿದ್ದಕ್ಕೆ ನಗುವ ತರಗತಿ, ಹರಿದ ಚಪ್ಪಲಿ, ಹೊಸ ಬ್ಯಾಗ್ ಕೊಡುವಾಗ ಬಂದ ಅಳು. ಕೊನೆಯದು ಒಳ್ಳೆಯ ಮನಸ್ಸಿನಿಂದಲೇ ಹಾಕುವಂಥದ್ದು, ಅದಕ್ಕೇ ಹೆಚ್ಚು ಎಚ್ಚರ ಬೇಕು. ಊರಲ್ಲಿ ಆ ಮಗುವನ್ನು "ರೀಲ್ಸ್‌ನಲ್ಲಿ ಅತ್ತವನು" ಎಂದು ಕರೆಯುತ್ತಾರೆ, ಅವನು ಶಾಲೆಗೆ ಬರಲು ಹಿಂಜರಿಯುತ್ತಾನೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ನೆನಪಿರಲಿ.

ಮಕ್ಕಳು ಕಾಣುವ ವಿಡಿಯೊ ಇದ್ದರೆ ಹಿಂದಿನ ಬೆಂಚಿನಿಂದ, ಬೆನ್ನು ಮಾತ್ರ ಕಾಣುವಂತೆ ತೆಗೆಯಿರಿ. ಸಮವಸ್ತ್ರದ ಬ್ಯಾಡ್ಜ್ ಕಾಣದಿರಲಿ. ಕಾಮೆಂಟ್ ಮುಚ್ಚಿ. ತರಗತಿಗೆ ಮಾತ್ರ ಬೇಕಾದದ್ದನ್ನು ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಮಾಡಿ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಕಳಿಸಿ; ಲಿಂಕ್ ಸಿಕ್ಕಿದವರೆಲ್ಲ ನೋಡಬಹುದು ಎಂಬುದು ಗೊತ್ತಿರಲಿ. ವಿದ್ಯಾರ್ಥಿಯ ಜತೆ ಖಾಸಗಿ ಚಾಟ್ ಬೇಡ. ಯಾರಾದರೂ ಹೊರಗಿನವರು ವಿಡಿಯೊ ನೋಡಿ ಮಗುವಿನ ಬೆನ್ನು ಹತ್ತಿದರೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮಾತು ತೆಗೆಯುವುದು ಹೇಗೆ

ಫೇಮಸ್ ಮೇಷ್ಟ್ರನ್ನು ಕೇಳಲು ಪೋಷಕರು ಹಿಂಜರಿಯುತ್ತಾರೆ. "ನೀವು ಬರೀ ರೀಲ್ಸ್ ಮಾಡ್ತೀರಂತೆ" ಎಂದರೆ ಮಾತು ಅಲ್ಲಿಗೇ ಮುರಿಯುತ್ತದೆ. ನೋಟ್‌ಬುಕ್ ಕೈಯಲ್ಲಿ ಹಿಡಿದು ಹೋಗಿ: "ಸಾರ್, ಈ ಲೆಕ್ಕ ಇವಳಿಗೆ ಬರ್ತಿಲ್ಲ. ನೋಡಿ, ಮೂರು ವಾರದಿಂದ ತಿದ್ದಿಲ್ಲ. ಯಾವಾಗ ತಿದ್ದಿಕೊಡ್ತೀರಾ?" ದಿನ ಹೇಳಿಸಿಕೊಳ್ಳಿ. ಮುಖ್ಯ ಶಿಕ್ಷಕರು ಮಾತಾಡುವಾಗ ನಿಮಿಷದ ಲೆಕ್ಕ ಮತ್ತು ಖಾಲಿ ಹಾಳೆಗಳನ್ನು ಮೇಜಿನ ಮೇಲಿಡಲಿ, ಚಾನೆಲ್ ಬಗ್ಗೆ ಊರವರು ಆಡಿದ ಮಾತನ್ನು ತರದಿರಲಿ. ಸರ್ಕಾರಿ ಶಾಲೆಯಾದರೆ ಶಿಕ್ಷಕರು ನಡತೆ ನಿಯಮಗಳನ್ನು ಓದಿಕೊಂಡು, ವಿಶೇಷವಾಗಿ ಚಾನೆಲ್‌ನಿಂದ ಹಣ ಬರುವುದಿದ್ದರೆ, ಮೇಲಧಿಕಾರಿಗಳಿಂದ ಲಿಖಿತ ಅನುಮತಿ ಕೇಳುವುದು ಕ್ಷೇಮ. ಎರಡು ಸಲ ಹೇಳಿದರೂ ಸರಿಹೋಗದಿದ್ದರೆ ವಿಷಯ ಎಸ್‌ಡಿಎಂಸಿ ಸಭೆಯ ನಡಾವಳಿಗೆ ಬರಲಿ, ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ.

ಹತ್ತನೇ ತರಗತಿಯವರು ಟಿ.ಸಿ. ಪಡೆಯಲು ಬರುವ ದಿನ ಇನ್ನೊಂದು ಕೆಲಸವಿದೆ. ಆ ವರ್ಷದ ವಿಡಿಯೊಗಳ ಪಟ್ಟಿ ಮುಂದಿಟ್ಟು, ತಾನಿರುವ ವಿಡಿಯೊ ಉಳಿಯಬೇಕೋ ತೆಗೆಯಬೇಕೋ ಎಂದು ಪ್ರತಿ ಮಗುವನ್ನೂ ಪೋಷಕರ ಎದುರಿಗೇ ಕೇಳಿ. ತೆಗೆಯಿರಿ ಎಂದರೆ ಅವರು ಗೇಟು ದಾಟುವ ಮೊದಲೇ ಡಿಲೀಟ್ ಮಾಡಿ ತೋರಿಸಿ.