ಬೈಪೋಲಾರ್ ಇದ್ದಾಗ ನಿದ್ದೆ ಕೆಟ್ಟರೆ: ನಾನು ಪಾಲಿಸುವ ಕ್ರಮ

ಬೈಪೋಲಾರ್ ಅಂದರೆ ಮನಸ್ಸು ಕೆಲವೊಮ್ಮೆ ವಿಪರೀತ ಏರಿ, ಕೆಲವೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ. ಅದು ಇರುವವರಿಗೆ ನಿದ್ದೆ ಕೆಡುವುದು ಎರಡು ಬಗೆಯಲ್ಲಿ. ಒಂದರಲ್ಲಿ ನಿದ್ದೆ ಬೇಕು, ಬರುವುದಿಲ್ಲ. ಮರುದಿನ ಕಣ್ಣುರಿ, ತಲೆಭಾರ. ಇನ್ನೊಂದರಲ್ಲಿ ಮೂರು ಗಂಟೆ ಮಲಗಿದರೂ ದಣಿವೇ ಇಲ್ಲ. ಮಾತು ಜಾಸ್ತಿ, ತಲೆತುಂಬ ಹೊಸ ಯೋಜನೆ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಎರಡನೆಯದು ಮೇನಿಯಾ, ಅಂದರೆ ಮನಸ್ಸು ವಿಪರೀತ ಏರಿದ ಸ್ಥಿತಿ, ಶುರುವಾಗುತ್ತಿರುವ ಲಕ್ಷಣ. ಅದಕ್ಕೆ ಮನೆಮಟ್ಟದ ಉಪಾಯ ಸಾಲದು, ಅದೇ ದಿನ ಮನೋವೈದ್ಯರಿಗೆ ತಿಳಿಸಬೇಕು. ಮುಂದೆ ಬರೆದಿರುವುದೆಲ್ಲ ಮೊದಲ ಬಗೆಗೆ.

ಎರಡನ್ನೂ ಬೇರ್ಪಡಿಸಿ ತೋರಿಸುವುದು ನಿದ್ದೆಯ ಡೈರಿ. ನನ್ನ ಡೈರಿಯ ಒಂದು ಸಾಲು ಹೀಗಿರುತ್ತದೆ: ಮಲಗಿದ್ದು 11:30, ನಿದ್ದೆ ಹತ್ತಿದ್ದು ಸುಮಾರು 12:45, ನಡುವೆ ಎಚ್ಚರ 40 ನಿಮಿಷ, ಎದ್ದದ್ದು 6:30, ಮಾತ್ರೆ 10 ಗಂಟೆಗೆ, ಕೊನೆಯ ಕಾಫಿ ಬೆಳಿಗ್ಗೆ 11ಕ್ಕೆ, ಹಗಲಿನ ಚೈತನ್ಯ ಹತ್ತಕ್ಕೆ ನಾಲ್ಕು. ಹಾಸಿಗೆಯಲ್ಲಿದ್ದದ್ದು 420 ನಿಮಿಷ, ನಿದ್ದೆ 305, ಅಂದರೆ ಹಾಸಿಗೆಯ ಹೊತ್ತಿನಲ್ಲಿ ನಿದ್ದೆಯ ಪಾಲು ಸುಮಾರು ಶೇ. 73. ಚೈತನ್ಯದ ಅಂಕಿಯನ್ನು ಬಿಡಲೇಬಾರದು. ನಿದ್ದೆ ಇಳಿಯುತ್ತಾ ಆ ಅಂಕಿ ಏರುತ್ತಿದ್ದರೆ ಅಪಾಯ. ಇದನ್ನು ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆಯುವುದು. ರಾತ್ರಿ ಗಡಿಯಾರ ನೋಡುತ್ತಾ ಬರೆದರೆ ಬರುವ ನಿದ್ದೆಯೂ ಹೋಗುತ್ತದೆ.

ಏಳುವ ಹೊತ್ತು ಒಂದೇ ಇರಬೇಕು, ರಜೆಯ ದಿನವೂ. ನಿದ್ದೆ ಹತ್ತುವ ಹೊತ್ತನ್ನು ಹಿಡಿತದಲ್ಲಿಡಲು ನಮ್ಮಿಂದಾಗದು, ಏಳುವುದನ್ನು ಇಡಬಹುದು. ಖಿನ್ನತೆಯ ದಿನಗಳಲ್ಲಿ ಇದೇ ಅತಿ ಕಷ್ಟ. ಬೆಳಗಿನ ಮಂಪರಿನಲ್ಲಿ ಇನ್ನೆರಡು ಗಂಟೆ ಮಲಗಿದರೆ ಅಂದಿನ ರಾತ್ರಿ ನಿದ್ದೆ ತಡವಾಗಬಹುದು.

ನಿದ್ದೆ ಬಾರದೆ ಸುಮಾರು 20 ನಿಮಿಷ ಹೊರಳಾಡಿದಿರಿ ಅನಿಸಿದರೆ ಎದ್ದು ಬೇರೆ ಕಡೆ ಕುಳಿತುಕೊಳ್ಳಿ. ಕಣ್ಣೆಳೆದಾಗಷ್ಟೇ ಹಾಸಿಗೆಗೆ ಮರಳಿ. ಇದು 1972ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ ರೂಪಿಸಿದ ವಿಧಾನ. ಇದು ಕೆಡುವುದು ಎದ್ದ ಮೇಲೆ ಏನು ಮಾಡುತ್ತೇವೆ ಎಂಬುದರಲ್ಲಿ. ಮೆಸೇಜು, ಆನ್‌ಲೈನ್ ಖರೀದಿ, ಯೋಜನೆ ಬರೆಯುವುದು, ಎಲ್ಲವೂ ಮನಸ್ಸನ್ನು ಕೆರಳಿಸುತ್ತವೆ. ಮಂದ ಬೆಳಕಿನಲ್ಲಿ ಬಟ್ಟೆ ಮಡಚುವುದು ಸಾಕು.

ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್ಮನ್ 1987ರಲ್ಲಿ ವಿವರಿಸಿದ ಇನ್ನೊಂದು ವಿಧಾನದಲ್ಲಿ, ಐದು ಗಂಟೆ ನಿದ್ದೆ ಬರುತ್ತಿದ್ದರೆ ಹಾಸಿಗೆಯಲ್ಲಿರುವ ಹೊತ್ತನ್ನೂ ಸುಮಾರು ಅಷ್ಟಕ್ಕೇ ಇಳಿಸುತ್ತಾರೆ. ಒಳ್ಳೆಯ ಪರಿಣಾಮವಿದೆ, ಆದರೆ ನಮಗೆ ಇದನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. ನಿದ್ದೆಗೆಡುವುದೇ ಮೇನಿಯಾ ಎಬ್ಬಿಸಬಲ್ಲದು. ಅಪಸ್ಮಾರ ಇದ್ದವರಿಗೆ ಫಿಟ್ಸ್ ಬರಬಹುದು. ಹಾಗಾಗಿ ಹಾಸಿಗೆಯ ಹೊತ್ತು ಆರೂವರೆ ಗಂಟೆಗಿಂತ ಕೆಳಗಿಳಿಯಬಾರದು ಎಂಬುದು ನನ್ನ ಗೆರೆ. ನಿಮ್ಮದನ್ನು ನಿಮ್ಮ ಡಾಕ್ಟರ ಜೊತೆ ಕೂತು ನಿರ್ಧರಿಸಿ. ಡೈರಿಯಲ್ಲಿ ನಿದ್ದೆಯ ಪಾಲಿನ ಒಂದು ವಾರದ ಸರಾಸರಿ ಶೇ. 85 ದಾಟಿದರೆ ಹಾಸಿಗೆಯ ಹೊತ್ತಿಗೆ 15 ನಿಮಿಷ ಸೇರಿಸಿ. ಇಡೀ ರಾತ್ರಿ ಎಚ್ಚರವಿದ್ದು ನಿದ್ದೆಯನ್ನು ಸರಿದಾರಿಗೆ ತರುತ್ತೇನೆ ಎಂದು ಮಾತ್ರ ಹೊರಡಬೇಡಿ.

ಮಲಗುವ ಎರಡು ಗಂಟೆ ಮೊದಲೇ ದೀಪಗಳನ್ನು ಮಂದ ಮಾಡಿ. ಬೆಳಗಿನ ಬೆಳಕಿಗೆ ಕಿಟಕಿ ತೆರೆದರೆ ಸಾಕು. 10,000 ಲಕ್ಸ್‌ನ ಲೈಟ್ ಬಾಕ್ಸ್, ಅಂದರೆ ಚಿಕಿತ್ಸೆಗೆ ಬಳಸುವ ಬಹಳ ಪ್ರಖರ ದೀಪ, ಬೈಪೋಲಾರ್‌ನಲ್ಲಿ ಮನಸ್ಸನ್ನು ವಿಪರೀತ ಏರಿಸಬಲ್ಲದು, ಕೇಳದೆ ಕೊಳ್ಳಬೇಡಿ.

ಮಾತ್ರೆಗಳ ವಿಚಾರವನ್ನು ಬಹಳ ಜನ ಕಡೆಗಣಿಸುತ್ತಾರೆ. ಫ್ಲುಯೊಕ್ಸೆಟಿನ್, ಬುಪ್ರೊಪಿಯಾನ್‌ನಂಥ ಖಿನ್ನತೆಯ ಮಾತ್ರೆಗಳನ್ನು ರಾತ್ರಿ ತೆಗೆದುಕೊಂಡರೆ ಎಚ್ಚರ ಹೆಚ್ಚಿಸಬಹುದು. ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ಇದಕ್ಕಿಂತ ಮುಖ್ಯವಾದದ್ದು ಅಕಥೀಸಿಯಾ ಎಂಬ ಚಡಪಡಿಕೆ. ಅರಿಪಿಪ್ರಜೋಲ್‌ನಂಥ ಆಂಟಿಸೈಕೋಟಿಕ್ ಮಾತ್ರೆ ಶುರುಮಾಡಿದ ಅಥವಾ ಡೋಸ್ ಏರಿಸಿದ ಮೇಲೆ ಕೂತಲ್ಲಿ ಕೂರಲಾಗದ ಒಳತಳಮಳ ಬಂದು, ಕಾಲು ಆಡಿಸದೆ ಇರಲಾಗದಿದ್ದರೆ ಅದು ಆತಂಕವಲ್ಲ, ಔಷಧದ ಅಡ್ಡಪರಿಣಾಮ ಇರಬಹುದು. ಆತಂಕ ಎಂದುಕೊಂಡು ಡೋಸ್ ಏರಿಸಿದರೆ ಇನ್ನೂ ಕೆಡುತ್ತದೆ. ‘ನಿದ್ದೆ ಬರುತ್ತಿಲ್ಲ’ ಎಂದಷ್ಟೇ ಹೇಳಿ ಬರಬೇಡಿ. ‘ಮಲಗಿದರೆ ಕಾಲು ನಿಲ್ಲುವುದಿಲ್ಲ, ಇಂಥ ಮಾತ್ರೆ ಶುರುವಾದ ಮೇಲೆ’ ಎಂದು ಹೇಳಿ. ಸಂಜೆಯಾದರೆ ಮಾತ್ರ ಕಾಲು ಸೆಳೆದು, ನಡೆದಾಡಿದರೆ ಹಗುರಾಗುವುದಾದರೆ ರೆಸ್ಟ್‌ಲೆಸ್ ಲೆಗ್ಸ್ ಎಂಬ ಬೇರೆಯೇ ತೊಂದರೆ ಇರಬಹುದು. ರಕ್ತದ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಸೂಚಕ) ನೋಡಿಸಿ. ತೂಕ ಏರಿ ಗೊರಕೆ ಹೆಚ್ಚಿದ್ದರೆ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ) ಪರೀಕ್ಷೆ ಆಗಬೇಕು. ಬೈಪೋಲಾರ್‌ಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನಿದ್ದೆಗೆಟ್ಟ ತಲೆನೋವಿಗೆ ಐಬುಪ್ರೊಫೆನ್ ನುಂಗಬಾರದು. ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು.

ಕ್ಲೊನಜೆಪಾಮ್‌ನಂಥ ಮಂಪರು ತರಿಸುವ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಥಟ್ಟನೆ ಬಿಡಬಾರದು. ನಿದ್ದೆ ಮೊದಲಿಗಿಂತ ಕೆಡುತ್ತದೆ, ಫಿಟ್ಸ್ ಕೂಡ ಬರಬಹುದು. ಅವುಗಳ ಜೊತೆ ಮದ್ಯ ಸೇರಿದರೆ ಉಸಿರಿಗೇ ಅಪಾಯ.

ಇನ್ನು, ಆರಾಮಿರುವಾಗಲೇ ಡಾಕ್ಟರ ಜೊತೆ ಬರೆದಿಡಬೇಕಾದ ಒಂದು ಕಾಗದ. ಸತತ ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆಯಾದರೆ ಯಾವ ಮಾತ್ರೆ ಎಷ್ಟು, ಯಾರಿಗೆ ಫೋನ್, ನಾನು ಒಪ್ಪದಿದ್ದರೂ ಮನೆಯವರು ಫೋನ್ ಮಾಡಬಹುದೇ ಎಂಬುದೆಲ್ಲ ಅದರಲ್ಲಿರಲಿ. ನಡುರಾತ್ರಿ ಸಾಯುವ ಯೋಚನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮನೆಯವರನ್ನು ಎಬ್ಬಿಸಿ, ತುರ್ತು ಚಿಕಿತ್ಸೆಗೆ ಹೋಗಿ.