ಶಾಲೆಯ ಸ್ವಿಚ್‌ಗೆ ವಿಲ್ಯಾನ್ ಹಾಕಿದ ನನ್ನ ಅನುಭವ

ನಾನು ನೆಟ್‌ವರ್ಕ್ ನೋಡಿಕೊಳ್ಳುವ ಶಾಲೆಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಆಫೀಸು, ಲ್ಯಾಬು, ಸ್ಟಾಫ್ ರೂಮು ಎಲ್ಲಾ ಕಡೆ ಒಟ್ಟಿಗೆ ನೆಟ್ ಹೋಯಿತು. ರೂಟರ್ ಸರಿಯಾಗಿತ್ತು, ಲೈನೂ ಇತ್ತು. ಆಫೀಸ್ ಕಂಪ್ಯೂಟರಿನ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸ, ನೋಡಿದರೆ 192.168.0.14. ನಮ್ಮ ರೂಟರ್ ಕೊಡುವುದು 192.168.1ರಿಂದ ಶುರುವಾಗುವ ವಿಳಾಸ. ಅಂದರೆ ಐಪಿ ಹಂಚುವವರು ಇನ್ನೊಬ್ಬರು ಬಂದಿದ್ದಾರೆ! ರ‍್ಯಾಕಿನಲ್ಲಿ ಒಂದೊಂದೇ ಕೇಬಲ್ ಕಿತ್ತು ನೋಡುತ್ತಾ ಹೋದೆ. ಮಧ್ಯಾಹ್ನ ಸಿಕ್ಕಿತು. ಲ್ಯಾಬಿನಲ್ಲಿ ಒಬ್ಬ ಮೇಷ್ಟ್ರು ವೈಫೈ ಸಿಗಲಿ ಅಂತ ಮನೆಯ ಹಳೇ ರೂಟರ್ ತಂದು ಗೋಡೆಯ ಪೋರ್ಟಿಗೆ ಸಿಕ್ಕಿಸಿದ್ದರು. ಅವರಿಗೇನು ಗೊತ್ತು, ಪಾಪ. ಮೂಲೆಯ ಒಂದು ಡಬ್ಬಿ ಇಡೀ ಶಾಲೆಯನ್ನು ನಿಲ್ಲಿಸುವ ಹಾಗೆ ಎಲ್ಲವನ್ನೂ ಒಂದೇ ನೆಟ್‌ವರ್ಕಿನಲ್ಲಿ ಬಿಟ್ಟಿದ್ದು ತಪ್ಪು.

ಅವತ್ತೇ ವಿಲ್ಯಾನ್ ಮಾಡಲೇಬೇಕು, ಅಂದರೆ ಅದೇ ಸ್ವಿಚ್ಚು ಕೇಬಲ್ಲುಗಳಲ್ಲೇ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡಬೇಕು ಅಂತ ನಿರ್ಧಾರ ಮಾಡಿದೆ. ಇದ್ದದ್ದು ಎರಡು ಕಟ್ಟಡ, ಎರಡು 24 ಪೋರ್ಟಿನ ಸ್ವಿಚ್ (ನೆಟ್‌ವರ್ಕ್ ಕೇಬಲ್ಲುಗಳೆಲ್ಲ ಬಂದು ಸೇರುವ ಡಬ್ಬಿ), ನಡುವೆ ಒಂದೇ ಕೇಬಲ್. ಎರಡೂ ವೆಬ್ ಪುಟದಲ್ಲಿ ಸೆಟ್ಟಿಂಗ್ ಮಾಡುವಂಥ ಸ್ಮಾರ್ಟ್ ಸ್ವಿಚ್. ಸಾಮಾನ್ಯ ಸ್ವಿಚ್ಚಿನಲ್ಲಿ ಈ ಕೆಲಸ ಆಗುವುದಿಲ್ಲ.

ಸ್ವಿಚ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಒಂದೊಂದು ಸ್ವಿಚ್ಚಿಗೂ 24 ಚೌಕ ಬರೆದುಕೊಂಡು ಯಾವ ಪೋರ್ಟಿನ ಕೇಬಲ್ ಎಲ್ಲಿಗೆ ಹೋಗುತ್ತದೆ ಅಂತ ತುಂಬಿದೆ. ಇದಕ್ಕೇ ಅರ್ಧ ದಿನ ಹಿಡಿಯಿತು, ಆದರೆ ಆಮೇಲೆ ಇಡೀ ಕೆಲಸ ನಡೆದಿದ್ದು ಆ ಹಾಳೆ ನೋಡಿಕೊಂಡೇ. ಆಮೇಲೆ ವಿಲ್ಯಾನ್ ನಂಬರ್ ಕೊಟ್ಟೆ: ಆಫೀಸಿಗೆ 10, ಲ್ಯಾಬಿಗೆ 20, ಕ್ಯಾಮೆರಾಗಳಿಗೆ 30, ಸ್ಟಾಫ್ ವೈಫೈಗೆ 40. 1ರಿಂದ 4094ರವರೆಗೆ ಯಾವ ನಂಬರಾದರೂ ಆಗುತ್ತದೆ. ನಾನು ಐಪಿಯಲ್ಲೂ ಅದೇ ನಂಬರ್ ಇಟ್ಟೆ, ಲ್ಯಾಬ್ ಅಂದರೆ 192.168.20. ವಿಳಾಸ ನೋಡಿದ ಕೂಡಲೇ ಯಾವ ಕಡೆಯ ಕಂಪ್ಯೂಟರ್ ಅಂತ ತಿಳಿಯುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ನಾನೂ ಎರಡು ಗಂಟೆ ಸಿಕ್ಕಿಹಾಕಿಕೊಂಡಿದ್ದೆ. ಲ್ಯಾಬಿನ 5ನೇ ಪೋರ್ಟನ್ನು ವಿಲ್ಯಾನ್ 20ಕ್ಕೆ ಅನ್‌ಟ್ಯಾಗ್ಡ್ (ಡೇಟಾಗೆ ವಿಲ್ಯಾನ್ ನಂಬರಿನ ಚೀಟಿ ಇಲ್ಲದೆ) ಅಂತ ಸೇರಿಸಿದೆ, ಮೊದಲಿನಿಂದ ಇದ್ದ ವಿಲ್ಯಾನ್ 1ರಿಂದ ತೆಗೆದೆ, ಎಲ್ಲಾ ಸರಿ ಕಾಣುತ್ತಿತ್ತು. ಕಂಪ್ಯೂಟರಿಗೆ ಮಾತ್ರ 169.254ರಿಂದ ಶುರುವಾಗುವ ವಿಳಾಸ. ಅಂದರೆ ಅದು ಐಪಿ ಕೇಳಿದೆ, ಯಾರೂ ಉತ್ತರ ಕೊಟ್ಟಿಲ್ಲ, ಸುಮ್ನೆ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಕೇಬಲ್ ಬದಲಾಯಿಸಿದೆ, ರೂಟರ್ ನೋಡಿದೆ, ಏನೂ ಇಲ್ಲ. ಕೊನೆಗೆ ಪಿವಿಐಡಿ ಅನ್ನುವ ಬೇರೆ ಪುಟ ತೆಗೆದರೆ 5ರ ಎದುರು ಇನ್ನೂ 1 ಕೂತಿದೆ. ಅನ್‌ಟ್ಯಾಗ್ಡ್ ಅನ್ನುವುದು ಪೋರ್ಟಿನಿಂದ ಹೊರಗೆ ಹೋಗುವ ಡೇಟಾದ ಲೆಕ್ಕ. ಕಂಪ್ಯೂಟರಿನಿಂದ ಒಳಗೆ ಬರುವುದನ್ನು ಯಾವ ವಿಲ್ಯಾನ್‌ಗೆ ಹಾಕಬೇಕು ಅಂತ ಹೇಳುವುದು ಪಿವಿಐಡಿ. ನಮ್ಮ ಕಂಪ್ಯೂಟರ್ ಕೇಳುತ್ತಿದ್ದದ್ದು 1ರಲ್ಲಿ, ಉತ್ತರ ಬರಬೇಕಿದ್ದದ್ದು 20ರಲ್ಲಿ. ಅಲ್ಲಿ 20 ಅಂತ ಹಾಕಿದೆ, ಕೇಬಲ್ ಕಿತ್ತು ಸಿಕ್ಕಿಸಿದೆ, 192.168.20.11 ಬಂತು. ಎಷ್ಟು ಖುಷಿಯಾಯಿತು ಅಂದರೆ ಪಕ್ಕದಲ್ಲಿದ್ದ ಅಟೆಂಡರ್ ಅಣ್ಣನಿಗೂ ಕರೆದು ತೋರಿಸಿದೆ.

ಎರಡು ಸ್ವಿಚ್ ನಡುವಿನ ಕೇಬಲ್ ಟ್ರಂಕ್. ನಾಲ್ಕೂ ವಿಲ್ಯಾನಿನ ಡೇಟಾ ಅದೊಂದರಲ್ಲೇ ಓಡಬೇಕು, ಹಾಗಾಗಿ ಪ್ರತಿಯೊಂದಕ್ಕೂ 4 ಬೈಟಿನ ಟ್ಯಾಗ್ ಅಂಟಿಸಿ ಕಳಿಸುತ್ತದೆ, ಆಚೆ ಸ್ವಿಚ್ ಅದನ್ನು ಓದಿ ಬೇರೆ ಮಾಡುತ್ತದೆ. 10, 20, 30, 40 ಎಲ್ಲವನ್ನೂ ಟ್ಯಾಗ್ಡ್ ಅಂತ ಎರಡೂ ತುದಿಯಲ್ಲಿ ಹಾಕಬೇಕು. ರೂಟರ್ ಕಡೆಯ ಪೋರ್ಟಿಗೂ ಅಷ್ಟೇ. ಇಂಟರ್ನೆಟ್‌ನವರು ಕೊಡುವ ಮನೆ ರೂಟರುಗಳಲ್ಲಿ ಇದಕ್ಕೆಲ್ಲ ಜಾಗ ಇರುವುದು ಕಮ್ಮಿ, ಅದಕ್ಕೇ ಮೈಕ್ರೋಟಿಕ್‌ನ 5 ಪೋರ್ಟಿನ ಪುಟ್ಟ ರೂಟರ್ ಒಂದನ್ನು ತರಿಸಿದೆ.

ಒಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ. ಸ್ವಿಚ್ಚಿನಲ್ಲಿ ಬೇರೆ ಮಾಡಿದ ಮಾತ್ರಕ್ಕೆ ಬೇರೆ ಆಗಿಬಿಡುವುದಿಲ್ಲ. ನಾಲ್ಕೂ ವಿಲ್ಯಾನ್ ಹೋಗಿ ಸೇರುವುದು ಒಂದೇ ರೂಟರಿಗೆ ಅಲ್ವಾ? ಅದು ಬೇಡ ಅನ್ನದಿದ್ದರೆ 20ರಿಂದ 10ಕ್ಕೆ ಆರಾಮಾಗಿ ದಾರಿ ಮಾಡಿಕೊಡುತ್ತದೆ. ಲ್ಯಾಬಿನ ಕಂಪ್ಯೂಟರಿನಿಂದ ಆಫೀಸ್ ಪ್ರಿಂಟರಿಗೆ ಪಿಂಗ್ ಮಾಡಿದರೆ ಚೆನ್ನಾಗಿ ಉತ್ತರ ಬಂತು. ಆಮೇಲೆ ರೂಟರಿನ ಫೈರ್‌ವಾಲಿನಲ್ಲಿ ಲ್ಯಾಬಿನಿಂದ ಆಫೀಸಿಗೆ, ಕ್ಯಾಮೆರಾದಿಂದ ಹೊರಗೆ ಇಂಟರ್ನೆಟ್‌ಗೆ, ಎರಡನ್ನೂ ತಡೆದೆ. ಆಫೀಸಿನದು ಮಕ್ಕಳ ದಾಖಲೆ ಇರುವ ಕಂಪ್ಯೂಟರ್, ಇದರಲ್ಲಿ ರಾಜಿ ಬೇಡ.

ಇನ್ನೆರಡು ಮಾತು. ನಿಮ್ಮ ಲ್ಯಾಪ್‌ಟಾಪ್ ಹಾಕಿರುವ ಪೋರ್ಟನ್ನು ಕೊನೆಗೆ ಬದಲಾಯಿಸಿ. ಸ್ವಿಚ್ಚಿನ ಸ್ವಂತ ಪುಟ ಸಿಗುವ ವಿಲ್ಯಾನಿನಿಂದ ಅದು ಆಚೆ ಹೋದರೆ ಪುಟ ಮತ್ತೆ ತೆರೆಯುವುದಿಲ್ಲ, ರೀಸೆಟ್ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿ ಮೊದಲಿನಿಂದ ಶುರು ಮಾಡಬೇಕು. ಮತ್ತೆ ಸೇವ್ ಬಟನ್. ಅಪ್ಲೈ ಒತ್ತಿದರೆ ಕೆಲಸ ಶುರುವಾಗುತ್ತದೆ, ಆದರೆ ನಮ್ಮ ಸ್ವಿಚ್ಚಿನಲ್ಲಿ ಸೇವ್ ಬೇರೆ ಒತ್ತಬೇಕು. ನಾನು ಒತ್ತಿರಲಿಲ್ಲ. ಸಂಜೆ ಐದಕ್ಕೆ ಕರೆಂಟ್ ಹೋಗಿ ಬಂತು, ಲ್ಯಾಬ್ ಕಟ್ಟಡದ ಸ್ವಿಚ್ಚಿನಲ್ಲಿ ದಿನವಿಡೀ ಮಾಡಿದ್ದೆಲ್ಲ ಅಳಿಸಿಹೋಗಿತ್ತು. ಹಾಳೆ ಇದ್ದದ್ದಕ್ಕೆ ಮುಕ್ಕಾಲು ಗಂಟೆಯಲ್ಲಿ ಮತ್ತೆ ಹಾಕಿದೆ.

ಸ್ವಲ್ಪ ದಿನದ ಮೇಲೆ ಲ್ಯಾಬಿನಲ್ಲಿ ಮತ್ತೊಂದು ಹಳೇ ರೂಟರ್ ಬಂತು. ಈ ಸಲ ನೆಟ್ ಹೋಗಿದ್ದು ಲ್ಯಾಬಿನಲ್ಲಿ ಮಾತ್ರ, ಆಫೀಸಿನಲ್ಲಿ ಫೀಸ್ ರಸೀದಿ ಹೊರಗೆ ಬರುತ್ತಲೇ ಇತ್ತು. ಅವತ್ತೇ ಎರಡೂ ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ನಂಬಿಕೆಯಿಲ್ಲದ ಪೋರ್ಟಿನಿಂದ ಐಪಿ ಹಂಚುವುದನ್ನು ತಡೆಯುವ ಸೆಟ್ಟಿಂಗ್) ಆನ್ ಮಾಡಿ, ರೂಟರ್ ಕಡೆಗೆ ಹೋಗುವ ಪೋರ್ಟನ್ನು ಮಾತ್ರ ಟ್ರಸ್ಟೆಡ್ ಅಂತ ಇಟ್ಟು, ಸೇವ್ ಒತ್ತಿ ಮನೆಗೆ ಹೋದೆ.