ಮೈಸೂರಿನಿಂದ ಶ್ರವಣಬೆಳಗೊಳಕ್ಕೆ ಸೈಕಲ್ ತುಳಿದು

ಗೊಮ್ಮಟನನ್ನು ನಾನು ಮೊದಲು ನೋಡಿದ್ದು ಹೈಸ್ಕೂಲಿನ ಪ್ರವಾಸದಲ್ಲಿ. ಬಸ್ಸಿನಲ್ಲಿ ನಿದ್ದೆ ಮಾಡಿ, ಎಚ್ಚರವಾದಾಗ ಬೆಟ್ಟದ ಬುಡದಲ್ಲಿದ್ದೆ. ಈ ಸಲ ಯುಗಾದಿಗೆ ಎರಡು ವಾರ ಇರುವಾಗ ಮೈಸೂರಿನಿಂದ ಸೈಕಲ್ಲಿನಲ್ಲಿ ಹೋದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ಕಿಕ್ಕೇರಿ ಮೇಲೆ ಹಾದು 80 ಕಿಲೋಮೀಟರ್ ಚಿಲ್ಲರೆ.

ಬೆಳಗಿನ ಜಾವ 4ಕ್ಕೇ ಹೊರಟೆ. ಬೆಟ್ಟ ಹತ್ತುವುದು ಬರಿಗಾಲಲ್ಲಿ. ಮಾರ್ಚ್ ಬಿಸಿಲಿಗೆ ಬಂಡೆ ಕಾದರೆ ಅಂಗಾಲು ಊರಲಾಗದು. ಪಾಂಡವಪುರದ ಆಚೀಚೆ ಕತ್ತಲಲ್ಲಿ ಕಬ್ಬಿನ ಗಾಡಿಗಳು ಸಿಗುತ್ತವೆ, ದೀಪ ಜೋರಾಗಿರಬೇಕು. ಕೆ.ಆರ್. ಪೇಟೆಯಲ್ಲಿ ಇಡ್ಲಿ ತಿಂದೆ. ಅಲ್ಲಿಂದಾಚೆ ಹೊಂಗೆಮರಗಳು ಹೊಸ ಚಿಗುರಿನಲ್ಲಿ ಮಿನುಗುತ್ತಿದ್ದವು. ಕಿಕ್ಕೇರಿ ದಾಟಿದ ಮೇಲೆ ಹಿಂದಿನ ಚಕ್ರಕ್ಕೆ ಜಾಲಿಮುಳ್ಳು ಹೊಕ್ಕಿತು. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನೊಳಗೆ ಬೆರಳಾಡಿಸಿದ್ದು ಒಳ್ಳೆಯದಾಯಿತು. ಮುರಿದ ಮುಳ್ಳಿನ ತುದಿ ಅಲ್ಲೇ ಇತ್ತು.

ಪಂಪ್ ಹೊಡೆದು ಎದ್ದು ಸ್ವಲ್ಪ ದೂರ ಹೋಗಿರಬೇಕು, ಒಂದು ಏರು ಮುಗಿದಾಗ ವಿಂಧ್ಯಗಿರಿಯ ನೆತ್ತಿಯಲ್ಲಿ ಒಂದು ತಲೆ, ಎರಡು ಹೆಗಲು ಕಂಡವು. ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತವನು, ನಾನು ತೆಂಕಣದಿಂದ ಬಂದವನು. ನನಗೆ ಮೊದಲು ಕಂಡದ್ದು ಅವನ ಬೆನ್ನು. ತಗ್ಗಿಗಿಳಿದರೆ ಮರೆ, ಏರು ಹತ್ತಿದರೆ ಮತ್ತೆ ಹಾಜರ್, ಪ್ರತಿ ಸಲ ಒಂದಿಷ್ಟು ದೊಡ್ಡದಾಗಿ. ಬಸ್ಸಿನಲ್ಲಿ ನಾನು ಕಳೆದುಕೊಂಡಿದ್ದು ಇದನ್ನೇ.

600ಕ್ಕೂ ಹೆಚ್ಚು ಮೆಟ್ಟಿಲು. ಪೆಡಲ್ ತುಳಿದ ತೊಡೆಗಳು ಮೊದಲ ನೂರಕ್ಕೇ ನಡುಗಿದವು. ಕೂತು, ನೀರು ಕುಡಿದು, ಮತ್ತೆ ಹತ್ತಿದೆ. ಒಳಾಂಗಣಕ್ಕೆ ಕಾಲಿಟ್ಟರೆ 58 ಅಡಿಯ ಆಳು ಎದುರಿಗೇ. ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ್ದು, ಇದ್ದ ಬಂಡೆಯನ್ನೇ ಕಡೆದು. ತೊಡೆಯವರೆಗೆ ಹಿಂದೆ ಕಲ್ಲಿನ ಆಸರೆ, ಅದರ ಮೇಲೆ ಏನೂ ಇಲ್ಲ. ಕಾಲ ಬಳಿ ಹುತ್ತ, ಇಣುಕುವ ಹಾವು. ತೊಡೆ ಬಳಸಿ ತೋಳಿಗೇರಿದ ಮಾಧವಿ ಬಳ್ಳಿ. ದಾರಿಯಲ್ಲಿ ಅಷ್ಟೊಂದು ಚಿಗುರು ನೋಡಿ ಬಂದಿದ್ದರಿಂದಲೋ ಏನೋ, ಆ ಬಳ್ಳಿಯ ಎಲೆಗಳ ಮೇಲೇ ಕಣ್ಣು ನಿಂತಿತು. ಕಲ್ಲುಕುಟಿಗ ಒಂದೊಂದು ಎಲೆಗೂ ಸಮಯ ಕೊಟ್ಟಿದ್ದಾನೆ.

ಅವತ್ತು ಅಲ್ಲೇ ಉಳಿದೆ. ಸಂಜೆ ಎದುರಿನ ಚಂದ್ರಗಿರಿ ಹತ್ತಿದೆ. ಅಲ್ಲಿಂದ ನೋಡಿದರೆ, ಕಲ್ಯಾಣಿಯ ಆಚೆ, ಪ್ರಾಕಾರದ ಗೋಡೆಯ ಮೇಲೆ ಅವನ ಮುಖ. ಬೆಳಿಗ್ಗೆ ಬೆನ್ನಷ್ಟೇ ಕಂಡಿದ್ದವನನ್ನು ಕತ್ತಲಾಗುವ ತನಕ ನೋಡುತ್ತಾ ಕೂತೆ.